ಹಣೆಯಂಚಿನಲ್ಲಿ ಸವೆದ ಕೂದಲು

ಅಮೆರಿಕದಲ್ಲಿ ಚರ್ಮರೋಗ ತಜ್ಞೆಯಾಗಿರುವ ನನ್ನ ಬಳಿಗೆ ಬರುವ ಕಪ್ಪು ಮಹಿಳೆಯರಲ್ಲಿ ಅನೇಕರಿಗೆ ಹಣೆಯಂಚಿನಲ್ಲೂ ಕಿವಿಯ ಮುಂಭಾಗದಲ್ಲೂ ಕೂದಲು ಉದುರಿ ಬಯಲಾಗಿರುತ್ತದೆ. ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದ್ದರಿಂದ ಬುಡ ಸೋತು ಬರುವ ಈ ತೊಂದರೆಗೆ ಟ್ರ್ಯಾಕ್ಷನ್ ಅಲೋಪೀಷಿಯ ಎಂದು ಹೆಸರು. ಆರಂಭದಲ್ಲೇ ಎಳೆತ ನಿಂತರೆ ಕೂದಲು ಮರಳುತ್ತದೆ. ಬುಡ ಕಲೆಗಟ್ಟಿದ ಮೇಲೆ ಮರಳುವುದಿಲ್ಲ. ಬಿಗಿಯಾಗಿ ಕಟ್ಟಬೇಡಿ, ಕೂದಲು ನೇರವಾಗಿಸುವ ರಿಲ್ಯಾಕ್ಸರ್ ಹಚ್ಚಬೇಡಿ ಎಂದಷ್ಟೇ ಹೇಳಿ ನಾನು ಬಹುಕಾಲ ಕಳಿಸುತ್ತಿದ್ದೆ. "ಹಾಗಾದರೆ ಸೋಮವಾರದ ಸಂದರ್ಶನಕ್ಕೆ ಹೇಗೆ ಹೋಗಲಿ, ಡಾಕ್ಟರ್?" ಎಂದು ಒಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಗುಂಗುರು ಕೂದಲನ್ನು ಇದ್ದಂತೆಯೇ ಬಿಟ್ಟರೆ ಅಶಿಸ್ತೆಂದು ಕಾಣುತ್ತಾರೆಂಬ ಅಳುಕಿನ ಆ ಪ್ರಶ್ನೆಗೆ ಶತಮಾನದ ಹಿನ್ನೆಲೆಯಿದೆ. ಗುಲಾಮಗಿರಿ ಕೊನೆಗೊಂಡ ಮೇಲೂ ಬಿಳಿಯ ಸಮಾಜ ಕಪ್ಪು ಹೆಣ್ಣನ್ನು ನಡತೆಗೆಟ್ಟವಳೆಂದೇ ಚಿತ್ರಿಸುತ್ತಿದ್ದಾಗ, 1896ರಲ್ಲಿ ಮೇರಿ ಚರ್ಚ್ ಟೆರೆಲ್ ಅವರ ಅಧ್ಯಕ್ಷತೆಯಲ್ಲಿ ಸಂಘಟಿತರಾದ ಕಪ್ಪು ಮಹಿಳೆಯರು ಶುಚಿತ್ವ, ಮಿತವಾದ ಉಡುಗೆ ಮತ್ತು ತೂಕದ ಮಾತನ್ನೇ ಗುರಾಣಿಯಾಗಿ ಹಿಡಿದರು. 1909ರಲ್ಲಿ ವಾಷಿಂಗ್ಟನ್ನಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ನ್ಯಾನಿ ಹೆಲೆನ್ ಬರೋಸ್ ಬೈಬಲ್, ಸ್ನಾನ, ಪೊರಕೆ ಎಂಬ ಮೂರನ್ನು ಬೋಧಿಸಿದರು. ಇತಿಹಾಸಕಾರ್ತಿ ಎವಲಿನ್ ಬ್ರೂಕ್ಸ್ ಹಿಗಿನ್‌ಬಾಥಮ್ 1993ರಲ್ಲಿ ಇಂಥ ನಿಲುವನ್ನು ಮರ್ಯಾದೆಯ ರಾಜಕಾರಣವೆಂದು ಕರೆದರು. ಆ ಹಿರಿಯರನ್ನು ನಾನು ಹಗುರವಾಗಿ ಕಾಣಲಾರೆ, ಏಕೆಂದರೆ ಅವರಿಗೆ ನ್ಯಾಯಾಲಯವೂ ಪೊಲೀಸರೂ ರಕ್ಷಣೆ ಕೊಡುತ್ತಿರಲಿಲ್ಲ. ಆದರೆ ತಾನು ಮರ್ಯಾದಸ್ಥೆ ಎಂದು ಸಾಬೀತುಪಡಿಸುವ ಹೊರೆ ಅವಮಾನಕ್ಕೊಳಗಾದವಳ ಮೇಲೆಯೇ ಉಳಿಯಿತು.

ಆ ಅಳತೆಗೋಲು ತಮ್ಮವರನ್ನೂ ವಿಂಗಡಿಸಿತು. 1955ರ ಮಾರ್ಚ್ 2ರಂದು ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರದ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದ ಕ್ಲಾಡೆಟ್ ಕಾಲ್ವಿನ್‌ಗೆ ಹದಿನೈದು ವರ್ಷ. ಬಡ ಮನೆಯ, ಮುಂದೆ ಮದುವೆಗೆ ಮೊದಲೇ ಗರ್ಭಿಣಿಯಾದ ಈ ಹುಡುಗಿಯನ್ನು ಮುಖಂಡರು ಚಳವಳಿಯ ಮುಖವಾಗಿಸಲಿಲ್ಲ. ಡಿಸೆಂಬರಿನಲ್ಲಿ ಅದೇ ಕಾರಣಕ್ಕೆ ರೋಸಾ ಪಾರ್ಕ್ಸ್ ಬಂಧನವಾದಾಗ ಕಪ್ಪು ಜನರ ಬಸ್ ಬಹಿಷ್ಕಾರ ಆರಂಭವಾಯಿತು. ಆದರೂ ಬಸ್ಸಿನ ವರ್ಣ ಪ್ರತ್ಯೇಕತೆಯನ್ನು 1956ರಲ್ಲಿ ಮುರಿದ ಮೊಕದ್ದಮೆಯ ಫಿರ್ಯಾದಿಗಳಲ್ಲಿ ಕಾಲ್ವಿನ್ ಒಬ್ಬರು.

ಕಚೇರಿಗಳಲ್ಲಿ ಈ ಅಳತೆ ಇನ್ನೂ ಕೂದಲಿನ ಮೇಲೆ ಬೀಳುತ್ತದೆ. ನೆತ್ತಿಗಂಟಿದ ಸಾಲುಜಡೆಯನ್ನು ವಿಮಾನ ಸಂಸ್ಥೆಯೊಂದು ನಿಷೇಧಿಸಿದ್ದನ್ನು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 1981ರಲ್ಲಿ ತಪ್ಪೆನ್ನಲಿಲ್ಲ. ಜಡೆ ಹುಟ್ಟಿನಿಂದ ಬಂದದ್ದಲ್ಲ, ಆಯ್ದುಕೊಂಡದ್ದು ಎಂಬುದು ಅದರ ವಾದ. ಆದರೆ ಗುಂಗುರು ಕೂದಲಿನವಳಿಗೆ ಜಡೆ ಬೇಡವೆಂದರೆ ಉಳಿಯುವ ದಾರಿ ಹಲವೊಮ್ಮೆ ಬಿಸಿ ಬಾಚಣಿಗೆ ಇಲ್ಲವೇ ರಾಸಾಯನಿಕ. ಸುಟ್ಟ ನೆತ್ತಿಗಳನ್ನು ನಾನು ಕಂಡಿದ್ದೇನೆ. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಇಂಥ ರಾಸಾಯನಿಕ ಬಳಸಿದವರಲ್ಲಿ ಎಪ್ಪತ್ತರ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ. 4.05, ಬಳಸದವರಲ್ಲಿ ಶೇ. 1.64 ಎಂದು 2022ರ ಸರ್ಕಾರಿ ಅಧ್ಯಯನವೊಂದು ಅಂದಾಜಿಸಿತು. ರಾಸಾಯನಿಕವೇ ಕಾರಣವೆಂದು ಅದು ಸಾಬೀತುಪಡಿಸಿಲ್ಲ, ಆದರೆ ಎಚ್ಚರಿಕೆಗೆ ಅಷ್ಟು ಸಾಕು.

ಕೇಶವಿನ್ಯಾಸದ ಹೆಸರಿನ ತಾರತಮ್ಯವನ್ನು 2019ರಲ್ಲಿ ಮೊದಲು ಕ್ಯಾಲಿಫೋರ್ನಿಯಾ, ಅನಂತರ ಬೇರೆ ಹಲವು ರಾಜ್ಯಗಳು ನಿಷೇಧಿಸಿದವು. ಈಗ ನಾನು ತಲೆ ನೋಡುವ ಮೊದಲು ಉದ್ಯೋಗವನ್ನೂ ಅಲ್ಲಿನ ನಿಯಮವನ್ನೂ ಕೇಳುತ್ತೇನೆ, ಬೇಕಾದವರಿಗೆ ಉದ್ಯೋಗದಾತರಿಗೆ ತೋರಿಸಲು ಪತ್ರ ಬರೆದುಕೊಡುತ್ತೇನೆ. ಸಕಾಲದಲ್ಲಿ ಬಂದವರ ಹಣೆಯಂಚಿನಲ್ಲಿ ಕೆಲವು ತಿಂಗಳಲ್ಲಿ ಸಣ್ಣ ಗುಂಗುರು ಎಳೆಗಳು ಮೂಡುತ್ತವೆ. ಕಚೇರಿಗೆ ಹೋಗುವಾಗ ಅವನ್ನೂ ಜೆಲ್ ಹಚ್ಚಿ ಅಂಟಿಸಬೇಕೇ ಎಂದು ಕೇಳುವವರಿದ್ದಾರೆ.