ಮುಚ್ಚಳಕ್ಕೆ ಮೂರು ಲಿಪಿ: ಜಪಾನಿ ಪೇಟೆಂಟ್ ಹುಡುಕುವ ಬಗೆ

ಅನ್ನ ಉಕ್ಕಿ ಗಂಜಿಯೆಲ್ಲ ಹೊರಗೆ ಹರಿಯುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಅದನ್ನು ತಡೆಯುವ ಮುಚ್ಚಳವೊಂದನ್ನು ಒಬ್ಬರು ಮಾಡಿಕೊಂಡು ಬಂದಿದ್ದರು. ಎಲೆಕ್ಟ್ರಿಕ್ ರೈಸ್ ಕುಕ್ಕರ್‌ಗೆ ಹಾಕುವ ಮುಚ್ಚಳ. ಒಳಬದಿಯಲ್ಲಿ ಸಣ್ಣ ಬಟ್ಟಲಿನಂಥ ಭಾಗ. ಉಕ್ಕಿದ ಗಂಜಿ ಅದರಲ್ಲಿ ನಿಲ್ಲುತ್ತದೆ, ನೊರೆ ಇಳಿದ ಮೇಲೆ ಒಂದು ತೂತಿನಿಂದ ಮತ್ತೆ ಪಾತ್ರೆಗೆ ಇಳಿಯುತ್ತದೆ. "ಪೇಟೆಂಟ್ ಸಿಗುತ್ತದಾ, ಸ್ವಲ್ಪ ನೋಡಿ ಹೇಳಿ" ಅಂದರು.

ನಾನಾಗ ಬೆಂಗಳೂರಿನಲ್ಲಿ ಪೇಟೆಂಟ್ ಹುಡುಕುವ ಕೆಲಸಕ್ಕೆ ಸೇರಿ ಎರಡು ವರ್ಷ. ಮೂರು ದಿನ ಕೂತು ಅಮೆರಿಕ, ಯುರೋಪ್, ಚೀನಾ ಎಲ್ಲ ಜಾಲಾಡಿದೆ. "ಮುಚ್ಚಳ", "ಪಿಷ್ಟದ ನೀರು" ಅನ್ನುವ ಪದಗಳನ್ನು ಜಪಾನಿಗೆ ತರ್ಜುಮೆ ಮಾಡಿ ಅಲ್ಲೂ ಹಾಕಿ ನೋಡಿದೆ. ಹತ್ತಿರದ್ದು ಏನೂ ಇಲ್ಲ ಎಂದು ವರದಿ ಕೊಟ್ಟೆ. ಅವರು ದುಡ್ಡು ಹಾಕಿ ಅರ್ಜಿ ಸಲ್ಲಿಸಿದರು. ಆಮೇಲೆ ಪೇಟೆಂಟ್ ಕಚೇರಿಯ ಪರೀಕ್ಷಕರ ಆಕ್ಷೇಪಣೆ ಬಂತು. ಜೊತೆಗೆ 1993ರ ಒಂದು ಜಪಾನಿ ದಾಖಲೆ. ಅದರ ಮೂರನೇ ಚಿತ್ರದಲ್ಲಿ ಅದೇ ಬಟ್ಟಲು, ಅದೇ ತೂತು.

ಜಪಾನಿನಲ್ಲಿ, ಜಪಾನಿ ಭಾಷೆಯಲ್ಲಿ, ಅಷ್ಟು ವರ್ಷ ಹಿಂದೆ ಅಚ್ಚಾದದ್ದು ನಮಗೇಕೆ ಅಡ್ಡ ಬರಬೇಕು ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಪೇಟೆಂಟ್ ಸಿಗುವುದು ಹೊಸದಕ್ಕೆ ಮಾತ್ರ. ಆದರೆ ನಮ್ಮ ಪೇಟೆಂಟ್ ಕಾಯ್ದೆಯ 13ನೇ ಸೆಕ್ಷನ್ ಭಾರತದಲ್ಲಿ ಪ್ರಕಟವಾದದ್ದನ್ನು ಮಾತ್ರವಲ್ಲ, ಬೇರೆ ಎಲ್ಲೇ ಪ್ರಕಟವಾದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಲ್ಲಿ ಯಾರೂ ಓದಿಲ್ಲ ಅನ್ನುವ ಮಾತು ನಡೆಯುವುದಿಲ್ಲ.

ಆ ದಾಖಲೆ ನನಗೆ ಯಾಕೆ ಸಿಗಲಿಲ್ಲ ಅಂತ ಆಮೇಲೆ ಕೂತು ನೋಡಿದೆ. ಜಪಾನಿಯಲ್ಲಿ ಮುಚ್ಚಳಕ್ಕೆ "ಫುತ" ಅನ್ನುತ್ತಾರೆ. ಇದನ್ನು ಚೀನಾದಿಂದ ಬಂದ ಕಾಂಜಿ ಅಕ್ಷರದಲ್ಲಿ ಬರೆಯಬಹುದು, ಉಚ್ಚಾರದಂತೆ ಬರೆಯುವ ಹಿರಗಾನ ಲಿಪಿಯಲ್ಲಿ ಬರೆಯಬಹುದು, ಅಂಥದ್ದೇ ಇನ್ನೊಂದು ಲಿಪಿಯಾದ ಕತಕಾನದಲ್ಲೂ ಬರೆಯಬಹುದು. ಮೂರೂ ಸರಿ. ಕಂಪ್ಯೂಟರ್‌ಗೆ ಮಾತ್ರ ಅವು ಮೂರು ಬೇರೆ ಬೇರೆ ಪದ. ಇನ್ನೂ ಒಂದು ತಮಾಷೆ ಇದೆ. ನಮ್ಮಲ್ಲಿ ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುತ್ತದಲ್ಲ, ಹಾಗೆಯೇ ಅಲ್ಲಿ "ಉಚಿ" ಅಂದರೆ ಒಳಗಿನದು, ಅದಕ್ಕೆ "ಫುತ" ಸೇರಿದರೆ "ಉಚಿಬುತ". ಆದೇಶ ಸಂಧಿಯ ಜಪಾನಿ ತಮ್ಮ! ಹಿರಗಾನದಲ್ಲಿ ಬರೆದಾಗ ಅಕ್ಷರವೂ ಬದಲಾಗುತ್ತದೆ. ನಾನು ಹಾಕಿದ್ದು ಕಾಂಜಿ ಒಂದನ್ನೇ. ಆ ದಾಖಲೆ ಬರೆದವರು ಹಿರಗಾನ ಬಳಸಿದ್ದರು.

ಒಳಪಾತ್ರೆಯದೂ ಅದೇ ಕಥೆ. ಒಬ್ಬರು "ಉಚಿಗಾಮ" ಅನ್ನುತ್ತಾರೆ, ಇನ್ನೊಬ್ಬರು "ಉಚಿನಾಬೆ", ಮತ್ತೊಬ್ಬರು ಬರೀ "ನಾಬೆ". ಇನ್ನು ಗಂಜಿ. ನಿಘಂಟು ನೋಡಿ "ಪಿಷ್ಟದ ನೀರು" ಅಂತ ಹುಡುಕಿದ್ದೆನಲ್ಲ, ರೈಸ್ ಕುಕ್ಕರ್ ಮಾಡುವವರು ಹಾಗೆ ಬರೆಯುವುದೇ ಅಪರೂಪ. ಅನ್ನ ಕುದಿಯುವಾಗ ಬರುವ ಆ ಅಂಟು ಗಂಜಿಗೆ ಅವರದ್ದೇ ಮನೆಮಾತು ಇದೆ, "ಒನೆಬ". ಅಡುಗೆಮನೆಯ ಪದವೇ ನೇರವಾಗಿ ಪೇಟೆಂಟಿಗೆ ಬಂದು ಕೂತಿದೆ. ಅದು ಗೊತ್ತಿಲ್ಲದೆ ಸಾವಿರ ಸಲ ಹುಡುಕಿದರೂ ಅಷ್ಟೇ. ಸಾಲದ್ದಕ್ಕೆ, ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಶುರುವಾಯಿತು ಅಂತ ಯಂತ್ರವೇ ಊಹಿಸಬೇಕು.

ಹಾಗಾಗಿ ಜಪಾನಿ ದಾಖಲೆಗಳಲ್ಲಿ ನಾನು ಪದ ಹಿಡಿದು ಹುಡುಕಲು ಶುರು ಮಾಡುವುದನ್ನೇ ಬಿಟ್ಟಿದ್ದೇನೆ. ಮೊದಲು ವರ್ಗೀಕರಣ ಸಂಕೇತ, ಅಂದರೆ ವಿಷಯ ನೋಡಿ ಪ್ರತಿ ದಾಖಲೆಗೂ ಹಾಕಿರುವ ಗುರುತು; ಆಮೇಲೆ ಪದ.

ವರ್ಗೀಕರಣ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಐಪಿಸಿ, ಅಂದರೆ ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣ. 1971ರ ಸ್ಟ್ರಾಸ್‌ಬರ್ಗ್ ಒಪ್ಪಂದದಿಂದ ಬಂದದ್ದು. ನಮ್ಮ ಪೇಟೆಂಟ್ ಕಚೇರಿಯೂ ಇದನ್ನೇ ಬಳಸುತ್ತದೆ. ಇದರಲ್ಲಿ ಎ47ಜೆ 27 ಅಂದರೆ ಅಡುಗೆ ಪಾತ್ರೆಗಳು. 27/08 ಅಂದರೆ ಪ್ರೆಶರ್ ಕುಕ್ಕರ್. ಅಷ್ಟರಲ್ಲೇ ಎಷ್ಟೊಂದು ದಾಖಲೆ ರಾಶಿ ಬೀಳುತ್ತದೆ ಅಂದರೆ ಓದಿ ಮುಗಿಸುವುದು ಆಗದ ಮಾತು. ಜಪಾನ್ ಪೇಟೆಂಟ್ ಕಚೇರಿ ಇದನ್ನೇ ಇನ್ನಷ್ಟು ಸಣ್ಣದಾಗಿ ಹೆಚ್ಚಿಕೊಂಡಿದೆ. ಅದಕ್ಕೆ ಎಫ್‌ಐ ಅಂತ ಹೆಸರು, ಫೈಲ್ ಇಂಡೆಕ್ಸ್. ಎ47ಜೆ 27/00ರ ಮುಂದೆ 103 ಎಂಬಂಥ ಮೂರಂಕಿ, ಅದರ ಮುಂದೆ ಒಂದು ಅಕ್ಷರ. ರೈಸ್ ಕುಕ್ಕರ್ ದಾಖಲೆಗಳಲ್ಲಿ ಈ 103 ಪದೇ ಪದೇ ಕಣ್ಣಿಗೆ ಬೀಳುತ್ತದೆ. ಎಫ್‌ಐನಲ್ಲಿ ಒಟ್ಟು ಸುಮಾರು 1.9 ಲಕ್ಷ ವಿಭಾಗಗಳಿವೆ.

ಆದರೆ ಎಫ್‌ಐ ಕೂಡ ಕಪಾಟೇ. ನಿಜವಾದ ಚಂದ ಇರುವುದು ಎಫ್‌-ಟರ್ಮ್‌ನಲ್ಲಿ. ಸೀರೆ ಅಂಗಡಿ ನೆನಪಿಸಿಕೊಳ್ಳಿ. ಇಳಕಲ್ ಒಂದು ಕಡೆ, ಮೈಸೂರು ಸಿಲ್ಕ್ ಒಂದು ಕಡೆ, ಮೊಳಕಾಲ್ಮೂರು ಇನ್ನೊಂದು ಕಡೆ ಜೋಡಿಸಿರುತ್ತಾರೆ. ಆದರೆ ಅಲ್ಲಿಗೆ ಹೋದ ನಮ್ಮ ಅತ್ತೆ ಕೇಳುವುದೇನು? "ಹಸಿರು ಒಡಲು, ಸಣ್ಣ ಅಂಚು, ಮಗಳ ಸೀಮಂತಕ್ಕೆ, ಹಗುರ ಇರಬೇಕು." ಕಪಾಟು ನೋಡಿದರೆ ಇದಕ್ಕೆ ಉತ್ತರ ಸಿಗಲ್ಲ. ಪ್ರತಿ ಸೀರೆಗೂ ಬಣ್ಣಕ್ಕೊಂದು, ಅಂಚಿಗೊಂದು, ತೂಕಕ್ಕೊಂದು, ಸಂದರ್ಭಕ್ಕೊಂದು ಚೀಟಿ ಕಟ್ಟಿದ್ದರೆ ಸಿಗುತ್ತದೆ. ಎಫ್‌-ಟರ್ಮ್ ಅಂದರೆ ಆ ಚೀಟಿಗಳು. 1984ರಲ್ಲಿ ಜಪಾನ್ ಪೇಟೆಂಟ್ ಕಚೇರಿ ಕಾಗದ ಬಿಟ್ಟು ಕಂಪ್ಯೂಟರ್‌ಗೆ ಹೋಗುವ ಯೋಜನೆ ಕೈಗೆತ್ತಿಕೊಂಡಿತು. ಕಂಪ್ಯೂಟರಿನಲ್ಲಿ ಹುಡುಕುವುದಕ್ಕೆ ಅಂತಲೇ ಆ ಕಾಲದಲ್ಲಿ ಇದನ್ನು ಕಟ್ಟಿದರು.

ಒಂದು ಎಫ್‌-ಟರ್ಮ್ ಹೀಗಿರುತ್ತದೆ. ಮೊದಲ ಐದು ಅಕ್ಷರ-ಅಂಕಿ ವಿಷಯವನ್ನು ಹೇಳುತ್ತವೆ. ನಮ್ಮ ಕುಕ್ಕರ್ ಬರುವುದು 4ಬಿ055 ಎಂಬ ವಿಷಯದಲ್ಲಿ. ಅದರ ಮುಂದೆ ಎಎ, ಬಿಎ, ಸಿಎ ಎಂಬಂಥ ಎರಡು ಅಕ್ಷರ. ಇದು ಯಾವ ಕಡೆಯಿಂದ ನೋಡುತ್ತಿದ್ದೇವೆ ಅನ್ನುವುದು. ಪಾತ್ರೆಯ ಬಗೆಯಾ, ಉದ್ದೇಶವಾ, ಬಿಸಿ ಮಾಡುವ ವಿಧಾನವಾ, ನಿಯಂತ್ರಣವಾ? ಕೊನೆಗೆ ಎರಡಂಕಿ, ಆ ನೋಟದೊಳಗಿನ ಒಂದು ನಿರ್ದಿಷ್ಟ ಅಂಶ. ಒಂದೇ ದಾಖಲೆಗೆ ಇಂಥ ಹತ್ತಿಪ್ಪತ್ತು ಚೀಟಿ ಇದ್ದರೂ ಆಶ್ಚರ್ಯವಿಲ್ಲ. ಇಷ್ಟು ನಮ್ಮದು ಎಂದು ಕೇಳಿರುವ ಹಕ್ಕುಗಳ ಭಾಗ ಮಾತ್ರ ಓದಿ ಹಾಕುವುದಲ್ಲ, ಪೂರ್ತಿ ವಿವರಣೆ ಓದಿ ಹಾಕುತ್ತಾರೆ. ಮೂಲೆಯಲ್ಲಿ ಒಂದು ಉದಾಹರಣೆಯಾಗಿ ಬಂದ ಮುಚ್ಚಳಕ್ಕೂ ಚೀಟಿ ಸಿಗಬಹುದು. ಈ ಕೆಲಸಕ್ಕೆ ನೆರವಾಗಲೆಂದೇ 1985ರಲ್ಲಿ ಅಲ್ಲೊಂದು ಕೇಂದ್ರವೂ ಶುರುವಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಉದ್ದೇಶದ ಚೀಟಿ. ವಸ್ತು ಏನು ಅನ್ನುವುದನ್ನು ಐಪಿಸಿ ಚೆನ್ನಾಗಿ ಹೇಳುತ್ತದೆ. ಯಾಕೆ ಮಾಡಿದರು ಅನ್ನುವಲ್ಲಿ ಅದು ಸೋಲುವುದೇ ಜಾಸ್ತಿ. ಉಕ್ಕಬಾರದು, ತಳ ಹತ್ತಬಾರದು, ತೊಳೆಯಲು ಸುಲಭ ಇರಬೇಕು — ನಮ್ಮ ಗ್ರಾಹಕರು ಬಂದು ಹೇಳುವುದು ಇದನ್ನೇ ಅಲ್ವಾ?

ರೈಸ್ ಕುಕ್ಕರ್ ಉದಾಹರಣೆಯನ್ನೇ ಹಿಡಿದಿರುವುದಕ್ಕೆ ಕಾರಣ ಇದೆ. ತೋಶಿಬಾ 1955ರಲ್ಲಿ ತಾನಾಗಿ ಆರುವ ಎಲೆಕ್ಟ್ರಿಕ್ ಕುಕ್ಕರ್ ಮಾರಾಟಕ್ಕೆ ತಂದಿತು. ಯೋಶಿತಾದ ಮಿನಾಮಿ ಎಂಬುವರು ರೂಪಿಸಿದ್ದು. ಎರಡು ಪಾತ್ರೆ, ಹೊರಗಿನದರಲ್ಲಿ ಸ್ವಲ್ಪ ನೀರು. ಆ ನೀರು ಆವಿಯಾಗಿ ಮುಗಿಯುತ್ತಿದ್ದಂತೆ ಬಿಸಿ 100 ಡಿಗ್ರಿ ದಾಟುತ್ತದೆ, ಎರಡು ಲೋಹ ಬೆಸೆದ ಬೈಮೆಟಲ್ ಪಟ್ಟಿ ಬಾಗಿ ಸ್ವಿಚ್ ಆರುತ್ತದೆ. ಅಲ್ಲಿಂದ ಮುಂದೆ ಮುಚ್ಚಳ, ಆವಿ ಕವಾಟ, ಪಾತ್ರೆಯ ತಳದ ದಪ್ಪ, ಯಾವುದನ್ನೂ ಬಿಡದೆ ಜಪಾನಿನವರು ಅರ್ಜಿ ಹಾಕುತ್ತಾ ಬಂದಿದ್ದಾರೆ. ಯುಟಿಲಿಟಿ ಮಾಡೆಲ್ ಅಂತ ಸಣ್ಣ ಸುಧಾರಣೆಗಳಿಗೆ ಕೊಡುವ ಇನ್ನೊಂದು ಬಗೆಯ ಹಕ್ಕೂ ಅಲ್ಲಿದೆ. ನಮ್ಮಲ್ಲಿ ಆ ಕಾನೂನೇ ಇಲ್ಲದ ಕಾರಣ ಹೊಸಬರು ಅದನ್ನು ಹುಡುಕಲು ಮರೆಯುತ್ತಾರೆ. ಅಡುಗೆಮನೆ ಸಾಮಾನಿನ ವಿಷಯದಲ್ಲಿ ಮರೆತರೆ ಕೆಟ್ಟಿರಿ ಅಂತಲೇ ಅರ್ಥ.

ಈಗ ಕೆಲಸ ಹೇಗೆ ಮಾಡುತ್ತೇನೆ ಹೇಳುತ್ತೇನೆ. ಹೇಗಾದರೂ ಮಾಡಿ ಹತ್ತಿರದ ಒಂದು ಜಪಾನಿ ದಾಖಲೆ ಹಿಡಿಯಬೇಕು. ಇಂಗ್ಲಿಷ್ ಸಾರಾಂಶದಿಂದ ಸಿಕ್ಕರೂ ಆಯಿತು. ಜಪಾನಿನ ಸರ್ಕಾರಿ ತಾಣ ಜೆ-ಪ್ಲಾಟ್‌ಪ್ಯಾಟ್ 2015ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಇಂಗ್ಲಿಷ್ ಪುಟವೂ ಇದೆ. ಅಲ್ಲಿ ಆ ದಾಖಲೆ ತೆಗೆದು ಅದರ ಎಫ್‌ಐ, ಎಫ್‌-ಟರ್ಮ್ ಎಲ್ಲ ಬರೆದುಕೊಳ್ಳುತ್ತೇನೆ. ಅದೇ ತಾಣದ ಪಿಎಂಜಿಎಸ್ ಭಾಗದಲ್ಲಿ ಪ್ರತಿ ಸಂಕೇತಕ್ಕೂ ಇಂಗ್ಲಿಷಿನಲ್ಲಿ ಅರ್ಥ ಸಿಗುತ್ತದೆ. ಐದಾರು ದಾಖಲೆಗೆ ಹೀಗೆ ಮಾಡಿದರೆ ಯಾವ ಚೀಟಿ ಮತ್ತೆ ಮತ್ತೆ ಬರುತ್ತಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಎರಡು ಬೇರೆ ನೋಟದ ಚೀಟಿಗಳನ್ನು ಜೋಡಿಸಿ ಹುಡುಕುವುದು. ಮೂರನ್ನು ಜೋಡಿಸಿದರೆ ಫಲಿತಾಂಶ ತುಂಬ ಕಡಿಮೆಯಾಗಿ ಬೇಕಾದದ್ದೇ ಬಿಟ್ಟುಹೋಗುತ್ತದೆ. ಎರಡು ಸಾಕು.

ಹಳೆಯ ದಾಖಲೆಗಳ ವರ್ಷ ನೋಡಿ ಗಾಬರಿಯಾಗಬೇಡಿ. 1999ರವರೆಗಿನ ಪ್ರಕಟಣೆಗಳ ಸಂಖ್ಯೆಯಲ್ಲಿ ಚಕ್ರವರ್ತಿಯ ಕಾಲದ ವರ್ಷ ಇರುತ್ತದೆ. ಹೈಸೇ ಆದರೆ 1988 ಕೂಡಿಸಿ, ಶೋವಾ ಆದರೆ 1925. ನನ್ನ ಕೆಲಸ ಕೆಡಿಸಿದ್ದು ಹೈಸೇ 5.

ಹೊಸ ತಂತ್ರಜ್ಞಾನಕ್ಕೂ ಅವರು ಕಾಯುತ್ತಾ ಕೂರುವುದಿಲ್ಲ. ವಸ್ತುಗಳನ್ನು ಇಂಟರ್ನೆಟ್‌ಗೆ ಜೋಡಿಸುವ ಇಂಟರ್ನೆಟ್ ಆಫ್ ಥಿಂಗ್ಸ್‌ಗೆ 2016ರಲ್ಲೇ ಝಡ್‌ಐಟಿ ಎಂಬ ಸಂಕೇತ ಮಾಡಿದರು. ಮರುವರ್ಷ ಕೃಷಿಗೆ ಬೇರೆ, ಕಾರ್ಖಾನೆಗೆ ಬೇರೆ ಎಂದು ಒಡೆದರು. ಐಪಿಸಿಯಲ್ಲಿ ಇದಕ್ಕೆ ಜಿ16ವೈ ಅಂತ ಜಾಗ ಸಿಕ್ಕಿದ್ದು 2020ರಲ್ಲಿ.

ಹಾಗಂತ ಚೀಟಿಯನ್ನೇ ನಂಬಿ ಕೂರುವಂತಿಲ್ಲ. ಎಲ್ಲ ವಿಷಯಗಳಿಗೂ ಎಫ್‌-ಟರ್ಮ್ ಇಲ್ಲ. ಕೆಲವಕ್ಕೆ ಹಾಕುವುದನ್ನೇ ನಿಲ್ಲಿಸಿದ್ದಾರೆ. ಅಂಥ ಕಡೆ ಹಳೆಯದು ಮಾತ್ರ ಸಿಗುತ್ತದೆ, ಹೊಸದಿಲ್ಲ ಅಂದುಕೊಂಡು ಮೋಸಹೋಗುತ್ತೇವೆ. ಚೀಟಿ ಹಾಕುವವರೂ ಮನುಷ್ಯರೇ. ಒಬ್ಬರು ಉಕ್ಕುವುದನ್ನು ತಡೆಯುವುದು ಅಂತ ಓದಿದ್ದನ್ನು ಇನ್ನೊಬ್ಬರು ಆವಿ ಹೊರಬಿಡುವುದು ಅಂತ ಓದಿರುತ್ತಾರೆ. ಒಮ್ಮೆ ನನಗೆ ಬೇಕಾದ ಮುಚ್ಚಳ ಕುಕ್ಕರ್ ವಿಷಯದಲ್ಲಿ ಸಿಗದೆ ಮೈಕ್ರೋವೇವ್ ಪಾತ್ರೆಗಳ ಗುಂಪಿನಲ್ಲಿ ಸಿಕ್ಕಿತ್ತು.

ಹಾಗಾಗಿ ಚೀಟಿಯಿಂದ ಬಂದ ಪಟ್ಟಿ ಒಂದು, ಮೂರೂ ಲಿಪಿಯ ಫುತ ಮತ್ತು ಒನೆಬ ಹಾಕಿ ತೆಗೆದ ಪಟ್ಟಿ ಇನ್ನೊಂದು. ಎರಡನ್ನೂ ಇಟ್ಟುಕೊಂಡು ಅನುವಾದ ಓದುವ ಮೊದಲೇ ಬರೀ ಚಿತ್ರಗಳನ್ನು ಸರಸರ ತಿರುವಿ ಹಾಕುತ್ತೇನೆ. ಮುನ್ನೂರು ದಾಖಲೆಗೆ ಒಂದು ಮಧ್ಯಾಹ್ನ ಸಾಕು. ಮುಚ್ಚಳದ ಒಳಬದಿಯಲ್ಲಿ ಸಣ್ಣ ಬಟ್ಟಲು, ಅದರ ತಳದಲ್ಲೊಂದು ತೂತು ಕಂಡರೆ ಕೈ ತಾನಾಗಿ ನಿಲ್ಲುತ್ತದೆ.