ಕೋಳಿಯ ಮೇವು, ಬಾತುಕೋಳಿಯ ಕಾಲು

ಹಿತ್ತಿಲಲ್ಲಿ ನಾಲ್ಕಾರು ಬಾತುಕೋಳಿ ಸಾಕುವವರಲ್ಲಿ ಹೆಚ್ಚಿನವರು ಅವಕ್ಕೆ ಹಾಕುವುದು ಕೋಳಿಮರಿಗೆಂದು ಅಂಗಡಿಯಲ್ಲಿ ಸಿಗುವ ಮೇವನ್ನೇ. ನಾನೂ ಹಾಗೆಯೇ ಮಾಡಿದ್ದೆ. ಅದರ ಜೊತೆಗೆ ಮನೆಯಲ್ಲಿದ್ದ ಮುಸುಕಿನ ಜೋಳದ ನುಚ್ಚನ್ನೂ ಧಾರಾಳವಾಗಿ ಬೆರೆಸುತ್ತಿದ್ದೆ. ಮೂರನೆಯ ವಾರದ ಹೊತ್ತಿಗೆ ನಾಲ್ಕು ಮರಿಗಳಲ್ಲಿ ಒಂದು ತಟ್ಟೆಯತ್ತ ಓಡುವುದನ್ನು ಬಿಟ್ಟು, ಕಾಲು ಮಡಿಚಿ ಕುಳಿತಲ್ಲಿಂದಲೇ ತೆವಳತೊಡಗಿತು. ಎತ್ತಿ ನೋಡಿದರೆ ಕಾಲಿನ ನಡುವಿನ ಕೀಲು ದಪ್ಪಗಾಗಿತ್ತು, ಕೆಳಗಿನ ಎಲುಬು ಬಿಲ್ಲಿನಂತೆ ಬಾಗಿತ್ತು. ಪಶುವೈದ್ಯರು ಮೊದಲು ಕೇಳಿದ್ದೇ ಏನು ತಿನ್ನಿಸುತ್ತಿದ್ದೀರಿ ಎಂದು.

ಕೊರತೆಯಾಗಿದ್ದು ನಯಾಸಿನ್, ಅಂದರೆ ಬಿ3 ಜೀವಸತ್ವ. ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ಕೋಳಿಯ ದೇಹ ಒಂದಿಷ್ಟು ನಯಾಸಿನ್ ತಯಾರಿಸಿಕೊಳ್ಳುತ್ತದೆ. ಬಾತುಕೋಳಿಗೆ ಆ ಕೆಲಸ ಅಷ್ಟಾಗಿ ಒಗ್ಗದು. ಬ್ರಾಯ್ಲರ್ ಮರಿಗೆ ಕಿಲೋ ಮೇವಿನಲ್ಲಿ ಸುಮಾರು 35 ಮಿಲಿಗ್ರಾಂ ನಯಾಸಿನ್ ಸಾಕಾದರೆ, ಬಾತುಮರಿಗೆ 55 ಮಿಲಿಗ್ರಾಂ ಬೇಕು. ನಾನು ಬೆರೆಸುತ್ತಿದ್ದ ಮುಸುಕಿನ ಜೋಳದಲ್ಲಿ ನಯಾಸಿನ್ ಇದೆಯಾದರೂ ಅದರ ಬಹುಪಾಲು ಇತರ ಅಣುಗಳೊಂದಿಗೆ ಬೆಸೆದುಕೊಂಡಿರುವುದರಿಂದ ಜೀರ್ಣಾಂಗಕ್ಕೆ ದಕ್ಕುವುದಿಲ್ಲ. ಇದೇ ಧಾನ್ಯವನ್ನು ನೆಚ್ಚಿ ಬದುಕಿದ ಬಡಜನರನ್ನು ಒಂದು ಕಾಲದಲ್ಲಿ ನಯಾಸಿನ್ ಕೊರತೆಯ ಕಾಯಿಲೆಯಾದ ಪೆಲಾಗ್ರಾ ಕಾಡಿದ್ದು ಇದೇ ಕಾರಣಕ್ಕೆ. ಅಮೆರಿಕದ ವಿಜ್ಞಾನಿ ಕಾನ್ರಾಡ್ ಎಲ್ವೆಹ್ಯಾಮ್ 1937ರಲ್ಲಿ ಪೆಲಾಗ್ರಾವನ್ನು ಹೋಲುವ ನಾಯಿಗಳ ಕಾಯಿಲೆಯನ್ನು ನಿಕೋಟಿನಿಕ್ ಆಮ್ಲದಿಂದ, ಅಂದರೆ ಇದೇ ನಯಾಸಿನ್‌ನಿಂದ, ಗುಣಪಡಿಸಿ ತೋರಿಸಿದರು. ನಮ್ಮ ಮರಿಗಳಿಗೆ ವೈದ್ಯರು ನೀರಿನಲ್ಲಿ ಬೆರೆಸುವ ಬಿ ಕಾಂಪ್ಲೆಕ್ಸ್ ಕೊಟ್ಟರು, ಮೇವಿಗೆ ನಯಾಸಿನ್ ಹೇರಳವಾಗಿರುವ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟ್) ಉದುರಿಸಲು ಹೇಳಿದರು. ಮೂರು ಮರಿಗಳು ನೆಟ್ಟಗೆ ಬೆಳೆದವು. ನಾಲ್ಕನೆಯದು ಇಂದಿಗೂ ತುಸು ಕುಂಟುತ್ತದೆ.

ನಯಾಸಿನ್ ಹೇರಳವಾಗಿರುವ, ನಮ್ಮಲ್ಲಿ ಸುಲಭವಾಗಿ ಸಿಗುವ ಇನ್ನೊಂದು ಪದಾರ್ಥ ಶೇಂಗಾ ಹಿಂಡಿ. ಆದರೆ ಬಾತುಮರಿಯ ಮಟ್ಟಿಗೆ ಅದರಷ್ಟು ಅಪಾಯದ ಮೇವೂ ಬೇರೆ ಇರಲಾರದು. ತೇವ ತಾಗಿದ ಹಿಂಡಿಯಲ್ಲಿ ಬೆಳೆಯುವ ಆಸ್ಪರ್ಜಿಲ್ಲಸ್ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ, ತನಿಖೆಯ ಜಾಡು ಹೋಗಿ ಮುಟ್ಟಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಗೆ. ಈ ವಿಷಕ್ಕೆ ಬಾತುಮರಿಯ ಯಕೃತ್ತು ಎಷ್ಟು ಬೇಗ ಕೆಡುತ್ತದೆಂದರೆ, ಮೇವಿನಲ್ಲಿ ಅಫ್ಲಾಟಾಕ್ಸಿನ್ ಇದೆಯೇ ಎಂದು ಪರೀಕ್ಷಿಸಲು ಪ್ರಯೋಗಾಲಯಗಳು ಒಂದು ದಿನದ ಬಾತುಮರಿಗಳನ್ನೇ ಬಳಸುತ್ತಿದ್ದವು. ಮುಗ್ಗಲು ವಾಸನೆ ಬಂದ ಹಿಂಡಿಯನ್ನು ಬಿಸಿಲಿಗೆ ಒಣಗಿಸಿ ಹಾಕುವ ಉಳಿತಾಯ ಬೇಡ. ಬೂಷ್ಟು ಒಣಗಿದರೂ ವಿಷ ಉಳಿದಿರುತ್ತದೆ.

ಪ್ರೋಟೀನ್ ಲೆಕ್ಕ ಇಷ್ಟು ತೊಡಕಿನದಲ್ಲ. ಮೊದಲ ಎರಡು ಮೂರು ವಾರ ಶೇಕಡಾ 20ರಿಂದ 22ರಷ್ಟು, ಆಮೇಲೆ 16ರ ಆಸುಪಾಸು ಇದ್ದರೆ ಸಾಕು. ಅನ್ನ, ಬ್ರೆಡ್ಡು ತಿಂದು ಹೊಟ್ಟೆ ತುಂಬಿಸಿಕೊಂಡ ಹಕ್ಕಿ ಪ್ರೋಟೀನ್ ಇರುವ ಈ ಮೇವನ್ನು ತಿನ್ನುವುದಿಲ್ಲ ಎಂಬುದೇ ತೊಂದರೆ. ಸೊಪ್ಪು, ನೀರಿನ ಮೇಲೆ ತೇಲುವ ಅಜೋಲ್ಲಾ ಸಸ್ಯ, ಎರೆಹುಳು, ಬಸವನಹುಳು ಸಿಕ್ಕಷ್ಟೂ ಒಳ್ಳೆಯದು.

ಮೊಟ್ಟೆಯಿಡುವ ಕಾಲಕ್ಕೆ ಅಗತ್ಯ ಬದಲಾಗುತ್ತದೆ. ಖಾಕಿ ಕ್ಯಾಂಪ್‌ಬೆಲ್ ತಳಿಯ ಒಳ್ಳೆಯ ಹೆಣ್ಣು ವರ್ಷಕ್ಕೆ 300ರಷ್ಟು ಮೊಟ್ಟೆಯಿಡಬಲ್ಲದು, ಒಂದೊಂದು ಚಿಪ್ಪಿಗೂ ಎರಡು ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಸುರಿಯಬೇಕು. ಹಾಗೆಂದು ಮೊಟ್ಟೆಕೋಳಿಯ ಮೇವನ್ನು ಮರಿಗಳಿಗೂ ಹಾಕಿದರೆ ಹೆಚ್ಚಿನ ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಕುತ್ತು ತರುತ್ತದೆ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಟ್ಟರೆ ಬೇಕಾದ ಹಕ್ಕಿ ಬೇಕಾದಷ್ಟು ತಿನ್ನುತ್ತದೆ.

ಬಾತುಕೋಳಿ ಒಣಮೇವನ್ನು ಒಂದೇ ಸಮನೆ ನುಂಗಲಾರದು. ಎರಡು ತುತ್ತು ತಿಂದು, ಓಡಿಹೋಗಿ ಕೊಕ್ಕನ್ನು ಮೂಗಿನ ಹೊಳ್ಳೆಯವರೆಗೂ ನೀರಿನಲ್ಲಿ ಮುಳುಗಿಸಿ, ಕೊಕ್ಕಿನಲ್ಲಿ ಉಳಿದ ಹಿಟ್ಟನ್ನೆಲ್ಲ ಅಲ್ಲೇ ತೊಳೆದು ಮತ್ತೆ ತಟ್ಟೆಗೆ ಬರುತ್ತದೆ. ಹತ್ತು ನಿಮಿಷದಲ್ಲಿ ನೀರು ಗಂಜಿಯಾಗುತ್ತದೆ, ತಟ್ಟೆಯ ಸುತ್ತ ಕೆಸರಾಗುತ್ತದೆ. ನೀರಿಲ್ಲದ ಕಡೆ ಮೇವಿಟ್ಟರೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವುದುಂಟು. ಆದ್ದರಿಂದ ಎರಡನ್ನೂ ನಾಲ್ಕು ಹೆಜ್ಜೆ ಅಂತರದಲ್ಲಿಟ್ಟು, ನೆಂದು ಉಳಿದದ್ದನ್ನು ಹುಳಿಯುವ ಮೊದಲೇ ಬಳಿದು ಗೊಬ್ಬರದ ಗುಂಡಿಗೆ ಹಾಕಿಬಿಡುತ್ತೇನೆ.