ಪೈಥಾನ್ ಸ್ಕೋಪ್: ಅನ್‌ಬೌಂಡ್‌ಲೋಕಲ್‌ಎರರ್ ಯಾಕೆ ಬರುತ್ತೆ

ಹಾಸನದ ಕಡೆ ನಮ್ಮ ಥರ ಡಿಪ್ಲೊಮಾದಲ್ಲಿ ಸಿ ಕಲ್ತು ಈಗ ಪೈಥಾನ್‌ಗೆ ಬಂದಿರೋರಿಗೆ ಈ ನೋಟ್ಸ್. ಸಿ-ಲಿ ಬ್ರಾಕೆಟ್ ಒಳಗೆ ಇಂಟ್ ಐ ಅಂದ್ರೆ ಬ್ರಾಕೆಟ್ ಮುಚ್ಚಿದ್ಮೇಲೆ ಐ ಇಲ್ಲ. ಪೈಥಾನಲ್ಲಿ ಇಂಡೆಂಟ್ ಮಾಡಿದ್ರೆ ಬ್ಲಾಕ್ ಆಗುತ್ತೆ ನಿಜ, ಆದ್ರೆ ಇಫ್, ಫಾರ್, ವೈಲ್ ಯಾವುದೂ ಹೊಸ ಸ್ಕೋಪ್ (ಒಂದು ಹೆಸರು ಎಲ್ಲಿವರೆಗೆ ಕಾಣುತ್ತೆ ಅನ್ನೋ ಗಡಿ) ಮಾಡಲ್ಲ, ಲೂಪ್ ಮುಗಿದ್ಮೇಲೂ ಐ ಕೊನೇ ವ್ಯಾಲ್ಯೂ ಹಿಡ್ಕೊಂಡು ಅಲ್ಲೇ ಇರುತ್ತೆ. ಪೈಥಾನ್ ಹೆಸರು ಹುಡುಕೋ ಆರ್ಡರ್ ಲೋಕಲ್ (ಫಂಕ್ಷನ್ ಒಳಗೆ), ಎನ್‌ಕ್ಲೋಸಿಂಗ್ (ಸುತ್ತಲಿನ ಫಂಕ್ಷನ್), ಗ್ಲೋಬಲ್ (ಫೈಲ್ ಮಟ್ಟ), ಬಿಲ್ಟಿನ್ (ಪೈಥಾನ್ ಜೊತೆ ಬರೋದು). ಇದು ಎಲ್ಲಾ ಕಡೆ ಸಿಗುತ್ತೆ, ಬಿಡಿ.

ತಲೆ ಕೆಡಿಸೋದು ಇದು. ಕಾಫಿ ಮೂಟೆ ಲೆಕ್ಕ (ವೇರಿಯಬಲ್ ಹೆಸರು ಕನ್ನಡದಲ್ಲಿ ಇಟ್ರೂ ಪೈಥಾನ್ 3 ಒಪ್ಪುತ್ತೆ, ಡೆಫ್, ಪ್ರಿಂಟ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ):

ಮೂಟೆ = 10
ಡೆಫ್ ಸೇರಿಸು():
    ಪ್ರಿಂಟ್(ಮೂಟೆ)
    ಮೂಟೆ = ಮೂಟೆ + 5
ಸೇರಿಸು()

ಓಡಿಸಿದ್ರೆ ಅನ್‌ಬೌಂಡ್‌ಲೋಕಲ್‌ಎರರ್, ಅದೂ ಬೀಳೋದು ಪ್ರಿಂಟ್ ಲೈನಲ್ಲಿ! ಕೊನೇ ಅಸೈನ್‌ಮೆಂಟ್ ಲೈನ್ ತೆಗೀರಿ, ಅದೇ ಪ್ರಿಂಟ್ ಆರಾಮಾಗಿ 10 ಕೊಡುತ್ತೆ. ಕೆಳಗಿನ ಲೈನ್ ಇನ್ನೂ ಓಡೇ ಇಲ್ಲ, ಮೇಲಿನ ಲೈನ್ ಹೆಂಗೆ ಕೆಡ್ತು? ಪೈಥಾನ್ ಲೈನ್ ಬೈ ಲೈನ್ ಓಡುತ್ತೆ ಅಂತ ಹೇಳಿಕೊಡ್ತಾರಲ್ಲ, ಆ ಮಾತೇ ಇಲ್ಲಿ ದಾರಿ ತಪ್ಪಿಸೋದು. ಯಾವ ಹೆಸರು ಲೋಕಲ್ ಅನ್ನೋದು ಓಡುವಾಗ ಅಲ್ಲ, ಫಂಕ್ಷನ್ ಕಂಪೈಲ್ ಆಗುವಾಗಲೇ ತೀರ್ಮಾನ ಆಗಿಬಿಡುತ್ತೆ. ಫಂಕ್ಷನ್ ಒಳಗೆ ಎಲ್ಲೋ ಒಂದ್ಕಡೆ ಮೂಟೆಗೆ ಅಸೈನ್ ಮಾಡಿದ್ರೆ ಸಾಕು, ಇಡೀ ಫಂಕ್ಷನ್‌ಗೆ, ಮೊದಲನೇ ಲೈನಿಂದಾನೇ, ಮೂಟೆ ಲೋಕಲ್. ಆ ಅಸೈನ್‌ಮೆಂಟ್‌ನ ಯಾವತ್ತೂ ಓಡದಿರೋ ಇಫ್ ಫಾಲ್ಸ್ ಒಳಗೆ ಇಟ್ರೂ ಅಷ್ಟೇ. ಹಂಗಾಗಿ ಪ್ರಿಂಟ್ ಹತ್ರ ಬಂದಾಗ ಲೋಕಲ್ ಹೆಸರು ಇದೆ, ವ್ಯಾಲ್ಯೂ ಇಲ್ಲ, ಹೊರಗಡೆ 10 ಇದ್ರೂ ಪೈಥಾನ್ ಅತ್ತ ತಿರುಗಿ ನೋಡಲ್ಲ.

ನನ್ನ ಶಾರ್ಟ್‌ಕಟ್: ಫಂಕ್ಷನ್ ಓದುವಾಗ ಮೊದಲು ಸಮ ಚಿಹ್ನೆಯ ಎಡಗಡೆ ಮಾತ್ರ ನೋಡ್ಕೊಂಡು ಹೋಗಿ, ಅಲ್ಲಿ ಬರೀ ಹೆಸರಾಗಿ ಸಿಕ್ಕಿದ್ದೆಲ್ಲ ಲೋಕಲ್ (ಫಾರ್ ವೇರಿಯಬಲ್, ಇಂಪೋರ್ಟ್ ಮಾಡಿದ ಹೆಸರು ಕೂಡ).

ಲಿಸ್ಟ್ ಇದ್ರೆ ಇನ್ನೊಂದು ಮಜಾ. ಹೊರಗೆ ಲಾಟ್ = [50, 50] ಇದೆ ಅನ್ಕೊಳ್ಳಿ, ಮೂಟೆಗೆ 50 ಕೆಜಿ. ಒಳಗೆ ಲಾಟ್.ಅಪೆಂಡ್(50) ಕೆಲಸ ಮಾಡುತ್ತೆ, ಯಾಕಂದ್ರೆ ಹೆಸರಿಗೆ ಹೊಸದಾಗಿ ಏನೂ ಕಟ್ಟಿಲ್ಲ, ಇರೋ ಲಿಸ್ಟನ್ನೇ ಬದಲಾಯಿಸಿದ್ದು. ಲಾಟ್ += [50] ಅಂದ್ರೆ ಮತ್ತೆ ಅದೇ ಎರರ್!

ಗ್ಲೋಬಲ್ ಮೂಟೆ ಅಂತ ಫಂಕ್ಷನ್ ಶುರುವಲ್ಲಿ ಹಾಕಿದ್ರೆ ಸರಿ ಹೋಗುತ್ತೆ, ಹೊರಗಿನ ಫಂಕ್ಷನ್‌ನ ಹೆಸರನ್ನ ಅದರ ಒಳಗಿನ ಫಂಕ್ಷನ್ ಬದಲಾಯಿಸೋದಾದ್ರೆ ನಾನ್‌ಲೋಕಲ್. ಆದ್ರೂ ಪ್ಯಾರಾಮೀಟರ್ ಕೊಟ್ಟು ರಿಟರ್ನ್ ತಗೊಳ್ಳೋದೇ ವಾಸಿ. ಅಂದಹಾಗೆ 3.11ರಿಂದ ಈ ಎರರ್ ಜೊತೆ ಬರೋ ವಾಕ್ಯ ಬದಲಾಗಿದೆ, ಲ್ಯಾಬಿನ ಹಳೇ ವರ್ಷನ್‌ನಲ್ಲಿ ಬೇರೆ ಥರ ಕಂಡ್ರೆ ಗಾಬರಿ ಬೇಡ, ಎರಡೂ ಒಂದೇ.